ಮೂರು ಕೊಡ ಎಂದು ಬರೆದವಳು ನಾನೇ

ನೀರು ಸರಬರಾಜಿನ ಮಾನ್ಯ ಅಧಿಕಾರಿಗಳೇ,

ಕೂಡುಹಳ್ಳದ ಕಾಫಿ ಎಸ್ಟೇಟಿನ ಕೂಲಿ ಲೈನಿನ ಹದಿನಾಲ್ಕು ಮನೆಗಳಿಗೆ ದಿನಕ್ಕೆ ಒಂದು ಗಂಟೆ ಬರುತ್ತಿದ್ದ ನಲ್ಲಿ ನೀರನ್ನು ನೀವು ಫೆಬ್ರವರಿಯಿಂದ ಇಪ್ಪತ್ತು ನಿಮಿಷಕ್ಕೆ ಇಳಿಸಿದ್ದೀರಿ. ಈಗ ಮನೆಗೆ ಮೂರು ಕೊಡ ಸಿಗುತ್ತದೆ. ನನ್ನ ಅಕ್ಕ ಬಾಣಂತಿ, ಅವಳಿಗೆ ಮೂರು ಕೊಡ ಸಾಲುವುದಿಲ್ಲ. ದೂರು ಇಷ್ಟೇ. ಇಷ್ಟನ್ನು ನಿಮ್ಮ ಕಚೇರಿಯಲ್ಲಿ ಎದುರು ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಜನವರಿಯಲ್ಲಿ ನೀವು ‘ಮನೆಯಲ್ಲೇ ನೀರು ಉಳಿಸಿ’ ಅಭಿಯಾನಕ್ಕೆ ನಮ್ಮ ಲೈನಿಗೆ ಬಂದಿರಿ. ಅಕ್ಕಿ ತೊಳೆದ ನೀರನ್ನು ಚೆಲ್ಲಬಾರದು, ಮುಸುರೆ ನೀರನ್ನು ಗಿಡಕ್ಕೆ ಹಾಕಬೇಕು ಎಂದು ತಿಳಿಸಿಕೊಟ್ಟಿರಿ. ಅದನ್ನು ಕೇಳುತ್ತಿದ್ದ ಹೆಂಗಸರು ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ನೆನೆಹಾಕಿ, ಆ ನೀರನ್ನು ಬಸಳೆ ಬುಡಕ್ಕೆ ಸುರಿದೇ ನಿಮ್ಮ ಸಭೆಗೆ ಬಂದಿದ್ದರು. ಆದರೂ ಹೊಸ ವಿಷಯ ಕೇಳಿದವರಂತೆ ತಲೆಯಾಡಿಸಿದರು. ಕೊನೆಗೆ ಮನೆಮನೆಯ ಬಳಕೆಯ ಸಮೀಕ್ಷೆ ಮಾಡಲು ಅಕ್ಷರ ಚೆನ್ನಾಗಿರುವ ಒಬ್ಬರು ಬೇಕೆಂದಿರಿ. ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಎಲ್ಲರೂ ತೋರಿಸಿದರು. ನೀವು ನನ್ನ ಜೊತೆ ಪ್ರತಿ ಬಾಗಿಲಿಗೂ ಬಂದಿರಿ. ನಿಮಗೆ ಗೊತ್ತಾಗದೆ ಹೋದದ್ದು ಒಂದೇ. ನಮ್ಮಲ್ಲಿ ಹೊರಗಿನವರು ಬಾಗಿಲಲ್ಲಿ ನಿಂತು ‘ನಿಮಗೆ ಎಷ್ಟು ಬೇಕು’ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಊಟಕ್ಕೆ ಕರೆದರೆ ‘ಈಗಷ್ಟೇ ಆಯ್ತು’ ಅನ್ನುತ್ತಾರೆ. ಕೂರಲು ಹೇಳಿದರೆ ‘ನಿಂತೇ ಇರ್ತೀವಿ ಬಿಡಿ’ ಅನ್ನುತ್ತಾರೆ. ಬೇಕು ಅನ್ನುವುದು ಮರ್ಯಾದೆಯಲ್ಲ.

ಸಾಲದ್ದಕ್ಕೆ ತೋಟದ ಮೇಸ್ತ್ರಿ ಮಾರಯ್ಯನವರು ನಮಗಿಂತ ಮುಂದೆ ಹೋಗಿ ಮನೆಮನೆಗೆ ಹೇಳಿ ಬರುತ್ತಿದ್ದರು: “ಸಾಹೇಬ್ರು ಬರ್ತಾ ಇದಾರೆ. ಬಾಯಿಬಡುಕರ ಥರ ಅಷ್ಟು ಬೇಕು ಇಷ್ಟು ಬೇಕು ಅಂತ ಲೈನಿನ ಮಾನ ತೆಗೀಬೇಡಿ ಮಾರಾಯ್ರೆ.”

ಹೀಗಾಗಿ ಮೊದಲ ಮನೆಯ ಜವರಮ್ಮ ಮೂರು ಕೊಡ ಎಂದರು. ಪಕ್ಕದ ಮನೆಯವರು ಜವರಮ್ಮನಿಗಿಂತ ಹೆಚ್ಚು ಹೇಳಲಾರದೆ ಮೂರೇ ಎಂದರು. ನಮ್ಮ ಮನೆಯ ಬಾಗಿಲಲ್ಲಿ ಅಮ್ಮ, “ನಮಗೆಂತ ಸಾರ್, ಮೂರು ಕೊಡ ಧಾರಾಳ ಆಗ್ತದೆ” ಎಂದರು. ಅವರ ಹಿಂದೆ ಏಳು ತಿಂಗಳ ಬಸುರಿ ಅಕ್ಕ ನಿಂತಿದ್ದಳು. ನಮ್ಮ ಮನೆಗೆ ದಿನಕ್ಕೆ ಒಂಬತ್ತು ಕೊಡ ಬೇಕು. ನಲ್ಲಿಯಿಂದ ಹೊರುವವಳು ನಾನೇ ಆದ್ದರಿಂದ ನನಗೆ ಗೊತ್ತಿತ್ತು. ನಿಮ್ಮೆದುರು ಅಮ್ಮನ ಮಾತು ತಿದ್ದುವುದು ಹೇಗೆಂದು ತಿಳಿಯದೆ ಮೂರು ಎಂದು ಬರೆದೆ.

ಒಂದು ತಿಂಗಳಲ್ಲಿ ಕೊಟ್ಟಿಗೆಹಾರದ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಬಂತು. ಅದರಲ್ಲಿ ಅಮ್ಮ ಕೊಡ ಹಿಡಿದು ನಕ್ಕಿದ್ದಾರೆ. ಕೆಳಗೆ, ‘ಮೂರೇ ಕೊಡದಲ್ಲಿ ತುಂಬು ಸಂಸಾರ: ಇದು ಮಾದರಿ ಲೈನು’. ಅದೇ ವಾರ ನೀರು ಇಪ್ಪತ್ತು ನಿಮಿಷವಾಯಿತು. ಲೆಕ್ಕ ತಪ್ಪಿಲ್ಲ, ಒಪ್ಪಿಕೊಳ್ಳುತ್ತೇನೆ. ಒಂದು ಗಂಟೆಯಲ್ಲಿ ಮನೆಗೆ ಒಂಬತ್ತು ಕೊಡ ಸಿಗುತ್ತಿತ್ತು. ಒಂಬತ್ತರಲ್ಲಿ ಮೂರು ಅಂದರೆ ಅರವತ್ತರಲ್ಲಿ ಇಪ್ಪತ್ತು. ನೀವು ಇಷ್ಟು ಕರಾರುವಾಕ್ಕಾಗಿ ಇನ್ನೇನನ್ನಾದರೂ ಜಾರಿಗೆ ತಂದದ್ದು ಉಂಟೇ? ಹಳ್ಳದಿಂದ ತರೋಣವೆಂದರೆ ಈ ವರ್ಷ ಹೂಮಳೆ ಕೈಕೊಟ್ಟಿತು. ಕಾಫಿ ಹೂ ಅರಳಿಸಲು ತೋಟದ ಸ್ಪ್ರಿಂಕ್ಲರ್‌ಗಳು ಹಳ್ಳವನ್ನು ತಳ ಕಾಣುವವರೆಗೆ ಎಳೆದಿವೆ. ಕಾಫಿ ಗಿಡಕ್ಕೆ ಎಷ್ಟು ಬೇಕೆಂದು ಬಾಗಿಲಲ್ಲಿ ನಿಂತು ಯಾರೂ ಕೇಳಲಿಲ್ಲ.

ಮಾರ್ಚ್ ಕೊನೆಗೆ ಅಕ್ಕನಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಹೊಲಿಗೆ ಹಾಕಿದ್ದರು. ಕುದಿಸಿ ಆರಿಸಿದ ನೀರಲ್ಲಿ ದಿನಕ್ಕೆ ಮೂರು ನಾಲ್ಕು ಸಲ ತೊಳೆಯಬೇಕು, ಬಟ್ಟೆ ಆಗಾಗ ಬದಲಿಸಬೇಕು ಎಂದು ನರ್ಸ್ ಹೇಳಿ ಕಳುಹಿಸಿದರು. ನಮ್ಮ ಲೈನಿನ ಬಾಣಂತಿಯರಿಗೆಲ್ಲ ಎರೆಯುವವರು ಜವರಮ್ಮ. ಮೊದಲ ದಿನ ಬಂದು ಹಂಡೆಯೊಳಗೆ ಇಣುಕಿದರು.

“ಇದೆಂತ, ಬಾಣಂತಿಗೆ ಎರೆಯೋ ನೀರಾ, ಮಗುವಿನ ಬಾಯಿ ಒರೆಸೋ ನೀರಾ?”

“ಇರೋದು ಇಷ್ಟೇ ಜವರಮ್ಮ,” ಎಂದರು ಅಮ್ಮ.

“ಮೂರು ಕೊಡ ಧಾರಾಳ ಅಂದವಳು ನೀನೇ ಅಲ್ವಾ?”

“ನೀನು ಅಂದಿರಲಿಲ್ವಾ?”

ಇಬ್ಬರೂ ಸ್ವಲ್ಪ ನಕ್ಕರು. ಆಮೇಲೆ ಜವರಮ್ಮ ಅಕ್ಕನ ಬೆನ್ನಿಗೆ ಎರಡು ಚೆಂಬು ಹಾಕಿ, ಉಳಿದದ್ದನ್ನು ಮಗುವಿಗೆ ಇಟ್ಟರು. ಅಕ್ಕನೂ ನೀರು ಉಳಿಸಿದಳು. ನಾಲ್ಕು ಸಲ ತೊಳೆಯಬೇಕಾದಲ್ಲಿ ಒಂದು ಸಲ ತೊಳೆದಳು, ನಮಗೆ ಹೇಳಲಿಲ್ಲ. ಹನ್ನೊಂದನೆಯ ದಿನ ಚಳಿಜ್ವರ ಬಂತು. ಹೊಲಿಗೆ ಕೀವಾಗಿತ್ತು. ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದೆವು. ಆರು ದಿನ ಅವಳು ಅಲ್ಲಿದ್ದಳು. ಮಗು ಅತ್ತಿತು, ನಾನು ಎತ್ತಿಕೊಂಡು ವರಾಂಡದಲ್ಲಿ ನಡೆದೆ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಈಗಲೂ ಬಂದಿಲ್ಲ. ಬಂದಿದ್ದರೆ ಈ ಪತ್ರ ಇನ್ನೂ ಚೆನ್ನಾಗಿರುತ್ತಿತ್ತೇನೋ.

ಅಲ್ಲಿಂದಲೇ ಒಂದು ಮಧ್ಯಾಹ್ನ ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ನೀವಿರಲಿಲ್ಲ. ಗುಮಾಸ್ತರು ಕಡತ ತೆಗೆದು ನನ್ನತ್ತ ತಿರುಗಿಸಿದರು.

“ಇದು ನಿಮ್ಮದೇ ಅಕ್ಷರ ಅಲ್ವೇನಮ್ಮ?”

“ಹೌದು ಸಾರ್.”

“ಕೇಳಿದಷ್ಟು ಕೊಟ್ಟಿದೀವಲ್ಲ. ಮತ್ತೆ ದೂರು ಎಂತದ್ದು? ಮುಂದಿನ ಜನವರಿಗೆ ಮರುಸಮೀಕ್ಷೆ ಉಂಟು, ಆಗ ಹೇಳಿ.”

ಸರಿ ಎಂದು ಬಂದೆ. ಕೇಳಿದಷ್ಟು ಕೊಟ್ಟ ಸರ್ಕಾರವನ್ನು ಯಾವ ಬಾಯಿಂದ ಬಯ್ಯುವುದು?

ಅಕ್ಕ ಮೊನ್ನೆ ಮನೆಗೆ ಬಂದಳು. ಮತ್ತೆ ಕೀವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಈ ಪತ್ರದಲ್ಲಾದರೂ ಸರಿಯಾದ ಅಂಕಿ ಇರಲೆಂದು ನಿನ್ನೆ ಅಮ್ಮನನ್ನು ಮತ್ತೆ ಕೇಳಿದೆ, “ಅಮ್ಮ, ಕಚೇರಿಗೆ ಬರೀತಾ ಇದೀನಿ. ಎಷ್ಟು ಕೊಡ ಅಂತ ಬರೀಲಿ?” ಅಮ್ಮ ಮಗುವಿನ ಬಟ್ಟೆ ಹಿಂಡುತ್ತಿದ್ದರು. ಅಕ್ಕ ಮಲಗಿದ್ದ ಕಡೆ ನೋಡಿದರು. ಆಮೇಲೆ ಹೇಳಿದರು: “ನಾಲ್ಕು ಅಂತ ಬರಿ. ಜಾಸ್ತಿ ಆಯ್ತು ಅಂದ್ರೆ ಮೂರೂವರೆ ಮಾಡು.”

ಆದ್ದರಿಂದ ನನ್ನ ಬೇಡಿಕೆ ಇದು. ಜನವರಿಯವರೆಗೆ ಕಾಯಬೇಡಿ. ನಾಳೆಯಿಂದಲೇ ಮೊದಲಿನಂತೆ ಒಂದು ಗಂಟೆ ನೀರು ಬಿಡಿ, ಸದ್ಯಕ್ಕೆ ಇನ್ನಿಪ್ಪತ್ತು ನಿಮಿಷ ಹೆಚ್ಚಿಗೆ. ನಂಬಿಕೆ ಬಾರದಿದ್ದರೆ ಬೆಳಿಗ್ಗೆ ಬಂದು ನಲ್ಲಿಯ ಹತ್ತಿರ ನಿಂತು ನೀವೇ ಎಣಿಸಿ. ಯಾರನ್ನೂ ಏನನ್ನೂ ಕೇಳಬೇಡಿ. ನಮ್ಮ ಮನೆಗೆ ದಿನಕ್ಕೆ ಒಂಬತ್ತು ಕೊಡ ಬೇಕು. ಬಾಣಂತಿ ಇರುವ ತನಕ ಹನ್ನೆರಡು.

ಇಂತಿ,
ಬೇಕು ಎಂದು ಮೊದಲ ಸಲ ಬರೆಯುತ್ತಿರುವ,
ಸುಕನ್ಯಾ
ಕೂಡುಹಳ್ಳ ಲೈನು, ಬಣಕಲ್ ಮಾರ್ಗ