ಟಗರಿನ ಒಪ್ಪಿಗೆ

ನ್ಯಾಮತಿ
ಡಿಸೆಂಬರ್ 1938

ತ್ಯಾವಣಿಗೆಯ ಮಾವ ಹಾಲೇಶಪ್ಪನವರಿಗೆ ಅಳಿಯ ಗಿಡ್ಡಪ್ಪನ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಕುರಿಗಳೂ ಕ್ಷೇಮ, ತೊಂದರೆ ಆಗಿರೋದೇ ಅದರಿಂದ.

ಕುರಿ ಸಾಕೋನಿಗೆ ಅಂಗಡಿನೂ ಇದ್ರೆ ದಲ್ಲಾಳಿ ಕಾಟ ತಪ್ಪುತ್ತೆ, ಬುಡೇನ್ ಸಾಬರ ಮಾಂಸದ ಅಂಗಡಿ ನೀನೇ ಹಿಡಿ ಅಂದ್ರಿ. ಒಂದು ದಿನ ನಡೆಸಿ ನೋಡಾಕೆ ಸಾಬರೂ ಒಪ್ಪಿದರು. ಸಂತೆ ದಿನ ಬೆಳಿಗ್ಗೆ ಅಂಗಡಿ ಮುಂದೆ ಟಗರು ಕಟ್ಟಿ, ಹಬ್ಬದಾಗೆ ಮಾಡೋ ಹಂಗೆ ಅದರ ತಲೆ ಮ್ಯಾಲೆ ನೀರು ಹಾಕಿದೆ. ಅದು ಮೈ ಕೊಡವಿ ಒಪ್ಪಿಗೆ ಕೊಡೋವರೆಗೂ ನಮ್ಮ ಮನೆತನದಾಗೆ ಯಾರೂ ಕತ್ತಿ ಎತ್ತಲ್ಲ. ಟಗರು ಕೊಡವಲಿಲ್ಲ, ಮೆಲುಕು ಹಾಕ್ತಾ ನಿಂತಿತು. ಗಿರಾಕಿಗಳು ಮಧ್ಯಾಹ್ನದವರೆಗೆ ಕಾದು, ನನ್ನನ್ನ ಬೈದು, ಬದನೆಕಾಯಿ ತಗೊಂಡು ಮನೆಗೆ ಹೋದರು.

ನಿಮ್ಮ ಮಗಳು ಸಾವಂತ್ರಮ್ಮ, "ಟಗರನ್ನೇನೋ ಕೇಳಿದ್ರಿ, ಅಂಗಡಿಗೆ ನಿಮ್ಮ ಒಪ್ಪಿಗೆ ಕೇಳಿದ್ದು ಯಾರು?" ಅಂತ ಇವತ್ತು ಬೆಳಿಗ್ಗೆ ನನ್ನ ತಲೆ ಮ್ಯಾಲೆ ಒಂದು ಕೊಡ ತಣ್ಣೀರು ಸುರಿದಳು. ಈ ಚಳಿಯಾಗೂ ಹಲ್ಲು ಕಚ್ಚಿ ನಿಂತೆ ಮಾವ, ಕೊಡವಲಿಲ್ಲ.

ಆದ್ದರಿಂದ ಅಂಗಡಿ ಬ್ಯಾಡ ಅಂತ ಸಾಬರಿಗೆ ನೀವೇ ಬಂದು ಹೇಳ್ರಿ. ಬರುವಾಗ ಒಂದು ಕಂಬಳಿ ತಗೊಂಡು ಬರ್ರಿ. ನನ್ನದು ಟಗರಿನ ಮ್ಯಾಲೈತೆ.

ಇಂತಿ, ನೆಗಡಿಯಲ್ಲಿರುವ
ಗಿಡ್ಡಪ್ಪ