ಷರತ್ತಿನ ಕಾಲಂ

ಮನೆಯಿಂದ,
ಶನಿವಾರ, ತಾರೀಕು ೭

ಪ್ರೀತಿಯ ಮೊಮ್ಮಗಳಿಗೆ ಅಜ್ಜನ ಸಲಾಂ.

ಕೆಮ್ಮು ಹೇಗಿದೆ? ದಿನವಿಡೀ ಪಾಠ ಹೇಳುವ ಗಂಟಲು ಅದು, ಬಿಸಿನೀರು ಕುಡಿ. ನನ್ನ ಮೊಣಕಾಲು ಇನ್ನೂ ತಕರಾರು ಮಾಡುತ್ತಿದೆ. ಅಜ್ಜಿ ನನಗಿಂತ ಗಟ್ಟಿ. ಕ್ಲಾಸು ನಡೆಸುವ ಹೆಂಗಸರಿಗೆ ತರಬೇತಿ ಕೊಡಲೆಂದು ನೀನು ಆ ಊರಿಗೆ ಹೋದ ಮೇಲೆ, ದರ್ಜಿ ಅಂಗಡಿಯ ಮಹಡಿಯ ನಿನ್ನ ಕ್ಲಾಸು ಮುಚ್ಚಿಹೋಗುತ್ತದೆ ಅಂದುಕೊಂಡಿದ್ದೆ. ಎಲ್ಲಿ! ಹೊಲಿಗೆ ಮೆಷಿನ್ನುಗಳ ನಡುವೆ ಕೂತು ಇಪ್ಪತ್ತು ಹೆಂಗಸರು ತಂತಮ್ಮ ಮದುವೆ ಕರಾರಿನ ನಿಕಾಹ್‌ನಾಮೆ ಓದುತ್ತಾರೆ. ಓದಿಸುವವಳು ನಿನ್ನ ಅಜ್ಜಿ. ಚಪ್ಪಲಿಗಳು ಮೆಟ್ಟಿಲಿಳಿದು ಬೀದಿಗೆ ಬಂದಿವೆ.

ಈಗ ಸುದ್ದಿ. ನಲವತ್ತೆಂಟು ವರ್ಷದಿಂದ ನಾನು ಖಾಜಿ ಸಾಹೇಬರ ಬರಹಗಾರ. ನನ್ನ ಅಕ್ಷರದ ಬಗ್ಗೆ ನನಗಿರುವ ಜಂಬ ನಿನಗೆ ಗೊತ್ತೇ ಇದೆ. ನಿಕಾಹ್‌ನಾಮೆಯ ಕೊನೆಗೆ ವಧುವಿನ ಷರತ್ತುಗಳಿಗೆಂದು ಒಂದು ಖಾಲಿ ಕಾಲಂ ಇರುತ್ತದಲ್ಲ, ಆಮೇಲೆ ಯಾರೂ ಏನೂ ತುರುಕಬಾರದೆಂದು ಅದಕ್ಕೆ ಸ್ಕೇಲಿಟ್ಟು ಅಡ್ಡಗೀಟು ಎಳೆದುಬಿಡುತ್ತಿದ್ದೆ. ಅದೂ ಆಫೀಸಿನಲ್ಲೇ, ವಧುವಿನ ಮುಖ ನೋಡುವ ಮೊದಲೇ, ಹತ್ತಾರು ಫಾರಂಗಳಿಗೆ ಒಟ್ಟಿಗೆ. ಅದೇ ಅಚ್ಚುಕಟ್ಟು ಅಂದುಕೊಂಡಿದ್ದೆ. ನೀನೊಮ್ಮೆ "ಅಜ್ಜಾ, ಅವಳನ್ನ ಕೇಳದೇನೇ ಗೀಟೆಳೀತೀರಲ್ಲ?" ಎಂದಾಗ ಸಿಡುಕಿ ಊಟ ಬಿಟ್ಟು ಎದ್ದವನು ನಾನು.

ಮೊನ್ನೆ ಗುರುವಾರ ಬೇಕರಿಯವನ ಮಗಳ ಮದುವೆ, ನಿನ್ನ ಕ್ಲಾಸಿನವಳೇ. ಸಹಿ ಹಾಕಿಸಲು ಒಳಕೋಣೆಗೆ ಫಾರಂ ಒಯ್ದೆ. ಹುಡುಗಿ ಪೆನ್ನು ಹಿಡಿದಳು, ಸಹಿ ಹಾಕಲಿಲ್ಲ, ಮೇಲಿನಿಂದ ಓದತೊಡಗಿದಳು. ಕೊನೆಗೆ ನನ್ನ ಗೀಟಿನ ಮೇಲೆ ಬೆರಳಿಟ್ಟು, "ಇದು ನನ್ನ ಜಾಗ. ಬೇರೆ ಫಾರಂ ಕೊಡಿ. ನರ್ಸಿಂಗ್ ಓದು ಮುಗಿಸ್ತೀನಿ ಅಂತ ಬರೀಬೇಕು" ಎಂದಳು. ಬಾಗಿಲ ಹೊರಗೆ ಇದನ್ನು ಕೇಳಿಸಿಕೊಂಡ ವರನ ದೊಡ್ಡಪ್ಪ ಮುಖ ಗಂಟಿಕ್ಕಿಕೊಂಡು, "ಮದುವೆ ಮನೇಲಿ ಕೋರ್ಟು ಶುರುವಾಯ್ತಾ?" ಎಂದು ಎದ್ದೇ ನಿಂತರು. ಬೇಕರಿಯವನ ಮುಖ ಬಿಳಿಚಿತು. ಮದುವೆ ನಿಂತೇಹೋಯಿತು ಅಂದುಕೊಂಡೆ. ಹುಡುಗಿಯ ಬೆರಳು ಮಾತ್ರ ಅಲ್ಲಿಂದ ಕದಲಲಿಲ್ಲ. ಎಂಥ ಹುಡುಗಿ! ಎಲ್ಲರೂ ನನ್ನನ್ನೇ ನೋಡಿದರು. "ತಪ್ಪು ನಂದು. ಷರತ್ತು ಹಾಕೋ ಹಕ್ಕು ಧರ್ಮ ಕೊಟ್ಟಿದ್ದು, ಗೀಟು ನಾನು ಎಳೆದಿದ್ದು" ಎಂದು ಹೊಸ ಫಾರಂ ತೆಗೆದೆ. ಖಾಜಿ ಸಾಹೇಬರು ತಲೆಯಾಡಿಸಿದರು. ವರ ಷರತ್ತು ಓದಿ, "ನಂಗೆ ಒಪ್ಪಿಗೆ" ಎಂದು ತಾನೇ ಮೊದಲು ಸಹಿ ಹಾಕಿದ. ಎದ್ದು ನಿಂತಿದ್ದ ದೊಡ್ಡಪ್ಪ ಊಟಕ್ಕೆ ಮಾತ್ರ ಮೊದಲ ಸಾಲಿನಲ್ಲೇ ಕೂತರು. ಆ ಷರತ್ತು ಬರೆಯುವಾಗ ನನ್ನ ಅಕ್ಷರ ಸೊಟ್ಟಗಾಯಿತು ಮಗಳೇ, ಆದರೂ ಅಷ್ಟು ಒಳ್ಳೆಯ ಸಾಲನ್ನು ನಾನು ಹಿಂದೆಂದೂ ಬರೆದಿರಲಿಲ್ಲ. ನಿನ್ನ ಬಗ್ಗೆ ತುಂಬಾ ಹೆಮ್ಮೆಯಾಯಿತು.

ಅಲ್ಲಾಹು ನಿನ್ನ ಗಂಟಲನ್ನೂ ಧೈರ್ಯವನ್ನೂ ಕಾಪಾಡಲಿ.

ನಿನ್ನ,
ಸ್ಕೇಲು ಅಜ್ಜ

ತಾ.ಕ.: ಇದನ್ನು ಬರೆಯಲು ಧೈರ್ಯ ಬಂದಿರಲಿಲ್ಲ. ಮದುವೆಯಿಂದ ಬಂದೊಡನೆ ಅಜ್ಜಿ ಪೆಟ್ಟಿಗೆಯಿಂದ ನಮ್ಮ ನಿಕಾಹ್‌ನಾಮೆ ತೆಗೆದು ನನ್ನ ಮುಂದಿಟ್ಟಳು. ಅದನ್ನು ಬರೆದವನೂ ನಾನೇ. ಗೀಟು ಬಲು ನೇರವಾಗಿದೆ. "ಆವತ್ತು ಕೇಳಿದ್ರೆ ಏನು ಬರೆಸ್ತಿದ್ದೆ?" ಎಂದೆ. "ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು" ಎಂದಳು, ಅಷ್ಟೇ. ನಲವತ್ತೈದು ವರ್ಷ ಜೊತೆಗಿದ್ದೂ ನನಗದು ಗೊತ್ತಿರಲಿಲ್ಲ. ಗೀಟಿನ ಕೆಳಗೆ ಅವಳು ಹೇಳಿದ್ದನ್ನು ಬರೆದು ಸಹಿ ಹಾಕಿದ್ದೇನೆ. ಹತ್ತನೇ ತಾರೀಕು ಬೆಳಗಿನ ಬಸ್ಸಿಗೆ ಒಬ್ಬಳೇ ಬರುತ್ತಾಳೆ, ನಿನ್ನ ತರಬೇತಿಗೆ. ಮುಂದಿನ ಬೆಂಚಿನಲ್ಲಿ ಕೂರಿಸು.