ನೀಲಿ ಟೇಪಿನ ಬೀಗ

ಮಾರ್ಚ್ 3, ಸೋಮವಾರ

ಮಿಲ್ಲು ನಿಲ್ಲಿಸಿ ತೊಳೆಯುವ ಶಟ್‌ಡೌನಿನ ಎರಡನೇ ದಿನ. ಸೊಂಟ ಬಿದ್ದುಹೋಗಿದೆ. ನಾಲ್ಕು ಬಣ್ಣದ ಟ್ಯಾಂಕುಗಳಲ್ಲಿ ಎರಡನ್ನು ಉಜ್ಜಿ ಮುಗಿಯಿತು. ಸ್ಟೀಮ್ ವಾಲ್ವುಗಳೆಲ್ಲ ನನ್ನ ಸುಪರ್ದಿ. ಟ್ಯಾಂಕಿಗೆ ಇಳಿಯುವವರು ವಾಲ್ವ್ ಮುಚ್ಚಿ, ತಂತಮ್ಮ ಬೀಗ ಹಾಕಿ, ಕೀ ಜೇಬಿಗಿಟ್ಟು ಇಳಿಯಬೇಕು. ಹತ್ತಿ ಬಂದಮೇಲೆ ಅವರೇ ಬಿಚ್ಚಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೊಂದೇ ಪಾಠ ಎಲ್ಲರಿಗೂ ಒಪ್ಪಿಸುತ್ತಿದ್ದೇನೆ.

ತಂಗಿಯ ಗಂಡ ಇವತ್ತೂ ಟ್ಯಾಂಕಿನಿಂದ ಹತ್ತಿ ಬಂದು, ಬೀಗ ವಾಲ್ವಿನಲ್ಲೇ ಬಿಟ್ಟು ಊಟಕ್ಕೆ ಹೋಗಿದ್ದ. ನಿನ್ನೆಯೂ ಇದೇ ಕಥೆ. ಕ್ಯಾಂಟೀನಿಗೇ ಹೋಗಿ ಹಿಡಿದೆ. "ಅಯ್ಯೋ ಅಕ್ಕಾ, ತಲೇಲಿ ಇರ್ಲೇ ಇಲ್ಲ!" ಎಂದು ಹಲ್ಲು ಕಿರಿದ. "ತಲೆ ಇದ್ರೆ ತಾನೇ" ಎಂದೆ. ಎಲ್ಲರೂ ನಕ್ಕರು. ಅವನಿಗೆ ಮರೆಗುಳಿ ಎಂದು ಹೆಸರಿಟ್ಟವಳೂ ನಾನೇ.

ಮಾರ್ಚ್ 4, ಮಂಗಳವಾರ

ಬರೆಯಲಾಗುತ್ತಿಲ್ಲ.

ಮಾರ್ಚ್ 7, ಶುಕ್ರವಾರ

ಬರೆದೇ ಬಿಡುತ್ತೇನೆ. ಯಾರೂ ಓದುವುದಿಲ್ಲವಲ್ಲ.

ಮಂಗಳವಾರ ಮಧ್ಯಾಹ್ನ ಒಂದೂಕಾಲು. ಎಲ್ಲರೂ ಊಟಕ್ಕೆ. ಮೂರನೇ ಟ್ಯಾಂಕಿನ ವಾಲ್ವಿನಲ್ಲಿ ನೀಲಿ ಟೇಪ್ ಸುತ್ತಿದ ಬೀಗ — ಅವನದು. ಸೂಪರ್‌ವೈಸರ್ ಫೋನ್ ಮಾಡಿದ. "ಸ್ಟೀಮ್ ಬಿಟ್ಟು ಲೈನ್ ಬಿಸಿ ಮಾಡಿ ನೋಡ್ಬೇಕು, ಏನ್ ಕಾಯ್ತಿದೀರಾ?" ಬೀಗ ಇದೆ ಸಾರ್ ಎಂದೆ. "ಆ ಮರೆಗುಳೀದು ತಾನೇ? ಕಟ್ ಮಾಡಿ ಬಿಸಾಕಿ."

ನನಗೂ ಸಿಟ್ಟು ಬಂದಿತ್ತು. ಮತ್ತೆ ಕ್ಯಾಂಟೀನಿನವರೆಗೆ ಯಾರು ಹೋಗುತ್ತಾರೆ? ಟ್ಯಾಂಕಿನ ಬಾಯಿಯ ಹತ್ತಿರ ಒಂದು ಸಲ ಕೂಗಿದೆ. ಫ್ಯಾನ್ ಓಡುತ್ತಿತ್ತು, ಅದರ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಬಗ್ಗಿ ನೋಡಲಿಲ್ಲ. ಕತ್ತರಿಸಿದೆ. ವಾಲ್ವ್ ಅರ್ಧ ಸುತ್ತು ತಿರುಗಿಸಿದೆ.

ಆಮೇಲೆ ಆ ಕೂಗು...

ತಕ್ಷಣ ಮುಚ್ಚಿದೆ. ಹತ್ತು ಎಣಿಸುವಷ್ಟೂ ಹೊತ್ತಾಗಿರಲಿಲ್ಲ. ಅಷ್ಟರಲ್ಲೇ ಅವನ ಎರಡೂ ಕಾಲು ಮೊಣಕಾಲಿನವರೆಗೆ ಬೆಂದಿದ್ದವು. ಒಳಗೆ ಟಾರ್ಚ್ ಬಿಟ್ಟಿದ್ದನಂತೆ, ತರಲು ಒಬ್ಬನೇ ಇಳಿದಿದ್ದ.

ಜನ ಓಡಿ ಬರುವಷ್ಟರಲ್ಲಿ ಬೀಗ ನನ್ನ ಜೇಬಿನಲ್ಲಿತ್ತು. ಯಾಕೆ ಹಾಕಿಕೊಂಡೆ, ದೇವರಿಗೇ ಗೊತ್ತು. "ಬೀಗ ಹಾಕಿರ್ಲಿಲ್ವಾ?" ಎಂದು ಯಾರೋ ಕೇಳಿದರು. "ಇಲ್ಲ" ಎಂದೆ. ಬೀಗವಿಲ್ಲ ಎಂದೇ ವಾಲ್ವ್ ತೆರೆದಳು ಎಂದು ಎಲ್ಲರೂ ನಂಬಿದರು. ಮರೆಗುಳಿ ತಾನೇ, ಎಲ್ಲೋ ಕಳೆದುಕೊಂಡಿರುತ್ತಾನೆ.

ಮಾರ್ಚ್ 9, ಭಾನುವಾರ

ಆಸ್ಪತ್ರೆ. ತಂಗಿ ನನ್ನ ಹೆಗಲಿಗೆ ತಲೆಯಿಟ್ಟು, "ನೀನಿದ್ಯಲ್ಲ ಅಕ್ಕಾ, ತಕ್ಷಣ ಮುಚ್ದೆ. ಇಲ್ಲಾಂದ್ರೆ..." ಎಂದು ಅತ್ತಳು.

ಹೊರಗಿನ ಬೆಂಚಿನಲ್ಲಿ ಅವಳ ಮಗಳ ಹೋಮ್‌ವರ್ಕ್. ಇಂಗ್ಲಿಷಿನ 'ಶಟ್' ಹಾಕಿ ಐದು ವಾಕ್ಯ ಬರೆಯಬೇಕಂತೆ. ಬಾಗಿಲು, ಕಣ್ಣು, ಅಂಗಡಿ — ಮೂರಾಗಿತ್ತು.

"ದೊಡ್ಡಮ್ಮ, ಬಾಯಿಗೂ ಶಟ್ ಅಂತಾರಲ್ವಾ?"

"ಅಂತಾರೆ."

"ಬೈಯೋವಾಗ ಮಾತ್ರಾನಾ? ನಾವಾಗೇ ಮುಚ್ಕೊಂಡ್ರೂನಾ?"

ಎರಡಕ್ಕೂ ಅದೇ ಪುಟ್ಟಿ ಎಂದೆ. ಐದನೆಯದು ನೀನೇ ಯೋಚಿಸು ಎಂದು ಎದ್ದುಬಿಟ್ಟೆ. ವಾಪಸ್ ಬಂದಾಗ ಬರೆದು ಮುಗಿಸಿದ್ದಳು — ದೊಡ್ಡಮ್ಮ ವಾಲ್ವ್ ಶಟ್ ಮಾಡಿ ಅಪ್ಪನನ್ನು ಉಳಿಸಿದರು. ಸರಿಯಿದೆಯಾ ಎಂದು ತೋರಿಸಿದಳು. ಸ್ಪೆಲ್ಲಿಂಗ್ ಸರಿಯಿದೆ ಎಂದೆ.

ಮಾರ್ಚ್ 10, ಸೋಮವಾರ

ಸೂಪರ್‌ವೈಸರ್ ಸ್ಟೋರ್ ರೂಮಿಗೆ ಕರೆದು ಬಾಗಿಲು ಹಾಕಿದ. "ಶುಕ್ರವಾರ ಎನ್‌ಕ್ವೈರಿ. ಬೀಗ ಇರ್ಲಿಲ್ಲ ಅಂತಾನೇ ಹೇಳಿ. ನನ್ನ ಫೋನ್ ವಿಷ್ಯ ಎತ್ಬೇಡಿ." ಆಮೇಲೆ ಮೆತ್ತಗೆ, "ಬೀಗ ಎಲ್ಲಿ?"

ಬಿಸಾಕಿದೆ ಎಂದೆ. ಸುಳ್ಳು. ಮನೆಯಲ್ಲಿ ಹಿಟ್ಟಿನ ಡಬ್ಬಿಯಲ್ಲಿದೆ.

ಬೀಗ ಹಾಕದೆ ಇಳಿದವನಿಗೆ ಕೆಲಸವಿಲ್ಲ, ಮಿಲ್ಲಿನ ಕಾನೂನು. ಕತ್ತರಿಸಿದವಳಿಗೆ? ಕೆಲಸ ಹೋಗುವುದಷ್ಟೇ ಅಲ್ಲ, ಪೊಲೀಸರು. ಯಾರಾದರೂ ಬಾಗಿಲು ಬಡಿದರೆ ಕಿಟಕಿಯಿಂದ ನೋಡಿಯೇ ತೆಗೆಯುತ್ತೇನೆ. ಅವತ್ತಿನಿಂದ ಹಿಟ್ಟಿನ ಡಬ್ಬಿ ತೆಗೆದಿಲ್ಲ. ಹೆದರಿಕೆ, ಬರೀ ಹೆದರಿಕೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ 13, ಗುರುವಾರ

ತಂಗಿ ಮಾತ್ರೆ ತರಲು ಹೋದಳು. ವಾರ್ಡಿನಲ್ಲಿ ನಾನೂ ಅವನೂ ಇಬ್ಬರೇ.

"ಅಕ್ಕಾ, ಬೀಗ ಹಾಕಿದ್ದೆ ಅಂತಾನೇ ನೆನಪು. ಕ್ಲಿಕ್ ಅಂದಿದ್ದೂ ಕೇಳಿಸ್ತು. ಆದ್ರೆ ಇರ್ಲಿಲ್ಲ ಅಂತ ನೀನೇ ಅಂದ್ಯಂತೆ. ನೀನ್ಯಾಕೆ ಸುಳ್ಳು ಹೇಳ್ತೀಯ? ಅಂದ್ರೆ ನನ್ನ ತಲೇನೇ ಕೆಟ್ಟಿದೆ." ಅಳುತ್ತಿದ್ದ. "ನಾಳೆ ರಸ್ತೇಲಿ ಮಗು ಕೈ ಬಿಟ್ಟು, ಹಿಡ್ಕೊಂಡಿದೀನಿ ಅಂತ ಅನ್ಕೊಂಡ್ರೆ? ಡಾಕ್ಟ್ರಿಗೆ ಹೇಳ್ಬಿಡ್ಲಾ?"

ಎದ್ದು ಓಡಿಹೋಗಬೇಕೆನಿಸಿತು.

"ನೀನು ಹಾಕಿದ್ದೆ ಕಣೋ. ಕತ್ತರಿಸಿದ್ದು ನಾನು."

ಅವನ ಮುಖ ಅರಳಿತು. ನಿಜವಾಗಿಯೂ ಅರಳಿತು. "ಹಾಗಾದ್ರೆ ನಾನು ಮರ್ತಿರ್ಲಿಲ್ಲ!" ನನ್ನ ಕೈ ಹಿಡಿದುಕೊಂಡ. "ಮರ್ತಿರ್ಲಿಲ್ಲ ಅಕ್ಕಾ!" ಇನ್ನೊಮ್ಮೆ ಹೇಳಲು ಹೋಗಿ ನಿಲ್ಲಿಸಿದ. ಹಿಡಿದ ಕೈಯನ್ನೇ ನೋಡಿದ. ಮೆಲ್ಲಗೆ ಬಿಟ್ಟ.

ಮುಖ ಗೋಡೆಯ ಕಡೆ ತಿರುಗಿಸಿ ಒಂದೇ ಮಾತು: "ಅವಳಿಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 9.50

ಆಫೀಸಿನ ಹೊರಗಿನ ಬೆಂಚು. ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ. ಎದುರಿಗೆ ಸೂಪರ್‌ವೈಸರ್, ಬೀಗವಿರುವ ನನ್ನ ಚೀಲದ ಮೇಲೇ ಕಣ್ಣು. ಒಳಗೆ ಎಲ್ಲ ಹೇಳುತ್ತೇನೆ. ಅದಕ್ಕೆ ಭಯವಿದೆ, ಇರಲಿ. ತಂಗಿಗೆ ಹೇಳಲು ಮಾತ್ರ ನಿನ್ನೆ ಬಾಯಿ ಬರಲಿಲ್ಲ. ಸಂಜೆ ಹೇಳಿದರಾಯಿತು ಎಂದುಕೊಂಡಿದ್ದೆ...

ಅಯ್ಯೋ, ಬಂದಳು. ಮಗಳನ್ನೂ ಕರೆದುಕೊಂಡು ಬಂದಿದ್ದಾಳೆ, ನನಗೆ ಧೈರ್ಯ ಹೇಳಲು. ಮೆಟ್ಟಿಲ ಹತ್ತಿರದಿಂದಲೇ ನಗುತ್ತಾ ಕೈ ಬೀಸುತ್ತಿದ್ದಾಳೆ. ಒಳಗಿನಿಂದ ಕರೆಯುತ್ತಿದ್ದಾರೆ. ಇಲ್ಲ, ಮೊದಲು ಇವಳಿಗೆ —